ಸಣ್ಣ ಅಕ್ವೇರಿಯಂಗೆ ಸ್ಪಂಜ್ ಫಿಲ್ಟರ್: ಮೀನುಗಳ ಏದುಸಿರು ನಿಂತೀತೆ?

ಸುಮಾರು 40 ಲೀಟರ್‌ವರೆಗಿನ ತೊಟ್ಟಿಗಳಿಗೆಂದು ಮಾರುವ, ಏರ್ ಪಂಪ್ ಜೊತೆಗೇ ಬರುವ ಸ್ಪಂಜ್ ಫಿಲ್ಟರ್ ಒಂದನ್ನು ನಾನು ತರಿಸಿದ್ದು, ನನ್ನ ತೊಟ್ಟಿಯ ಮೀನುಗಳು ಬೆಳಗಿನ ಹೊತ್ತು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದುದರಿಂದ. ಈ ತೊಂದರೆಗೆ ಇದು ತಕ್ಷಣದ ಪರಿಹಾರ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಆ ಮಾತು ಅರ್ಧ ಮಾತ್ರ ನಿಜ.

ಮೊದಲು ನಿಜವಾದ ಅರ್ಧ. ತೊಟ್ಟಿಯ ನೀರಿಗೆ ಆಮ್ಲಜನಕ ಸೇರುವುದು ಬಹುಮಟ್ಟಿಗೆ ಮೇಲ್ಮೈಯಿಂದಲೇ. ಸ್ಪಂಜಿನ ಕೊಳವೆಯಲ್ಲಿ ಮೇಲೇರುವ ಗುಳ್ಳೆಗಳು ತಳದ ನೀರನ್ನು ತಮ್ಮೊಂದಿಗೆ ಎಳೆದು ತಂದು ಮೇಲ್ಮೈಯನ್ನು ಕಲಕುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಹೆಚ್ಚೆಂದರೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಇದರ ಮೇಲೆ ರಾತ್ರಿ ಬೆಳಕಿಲ್ಲದಾಗ ಜಲಸಸ್ಯಗಳೂ ಆಮ್ಲಜನಕವನ್ನೇ ಬಳಸುವುದರಿಂದ, ನಸುಕಿನಲ್ಲಿ ಕೊರತೆ ಅತಿ ಹೆಚ್ಚಾಗಿರುತ್ತದೆ. ಪಂಪನ್ನು ಇಡೀ ರಾತ್ರಿ ಓಡಿಸತೊಡಗಿದ ಮೇಲೆ ನನ್ನ ಮೀನುಗಳು ಬೆಳಗ್ಗೆಯೂ ನೀರಿನ ನಡುಮಟ್ಟದಲ್ಲೇ ನೆಮ್ಮದಿಯಾಗಿ ಈಜುತ್ತಿವೆ. ಸದ್ದಾಗುತ್ತದೆಂದು ರಾತ್ರಿ ಪಂಪ್ ಆರಿಸುವವರು, ಅದು ಅತ್ಯಗತ್ಯವಾದ ಹೊತ್ತಿನಲ್ಲೇ ಆರಿಸುತ್ತಿದ್ದಾರೆ.

ಪೆಟ್ಟಿಗೆ ಹೇಳದ ಇನ್ನರ್ಧವೇ ಹೆಚ್ಚು ಮುಖ್ಯ. ಮೀನುಗಳು ಹಗಲಿಡೀ ಏದುಸಿರು ಬಿಡುತ್ತಿದ್ದರೆ, ಅದರಲ್ಲೂ ತೊಟ್ಟಿ ಹೊಸದಾಗಿದ್ದರೆ, ಮೀನಿನ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ಅಥವಾ ಅದರಿಂದಾಗುವ ನೈಟ್ರೈಟ್ ನೀರಿನಲ್ಲಿದೆಯೇ ಎಂದು ಟೆಸ್ಟ್ ಕಿಟ್‌ನಿಂದ ನೋಡಲೇಬೇಕು. ಅಮೋನಿಯಾ ಕಿವಿರುಗಳನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ, ಆಮ್ಲಜನಕವನ್ನು ಹೊತ್ತೊಯ್ಯುವ ಅದರ ಶಕ್ತಿಯನ್ನೇ ಕುಂದಿಸುತ್ತದೆ. ಆಗ ಗುಳ್ಳೆ ಎಷ್ಟು ಎಬ್ಬಿಸಿದರೂ ವಿಷ ನೀರಿನಲ್ಲೇ ಉಳಿಯುತ್ತದೆ. ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಈ ವಿಷಗಳನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ ಎಂಬುದು ಸರಿ, ಆದರೆ ಹೊಸ ಸ್ಪಂಜಿನಲ್ಲಿ ಅವು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನನ್ನು ಉಳಿಸುವುದು, ಕ್ಲೋರಿನ್ ತೆಗೆದ, ತೊಟ್ಟಿಯಷ್ಟೇ ತಾಪಮಾನದ ನೀರಿನಿಂದ ಮತ್ತೆ ಮತ್ತೆ ಮಾಡುವ ಭಾಗಶಃ ನೀರು ಬದಲಾವಣೆ ಮತ್ತು ಕಡಿಮೆ ಆಹಾರ.

ಹೀಗಿರುವಾಗ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಿರಿ ಎನ್ನುವ ಕೈಪಿಡಿಯ ಸಲಹೆ ನನಗೆ ಬಹಳ ಬೇಸರ ತಂದಿದೆ. ಕ್ಲೋರಿನ್ ಇರುವ ನೀರು ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಹುದು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಿದರೆ ಸಾಕು.

ಪಂಪಿನ ಕೆಲಸ ಅಚ್ಚುಕಟ್ಟಾಗಿದೆ. ರಬ್ಬರ್ ಕಾಲುಗಳಿರುವುದರಿಂದ ಸದ್ದು ಮಲಗುವ ಕೋಣೆಯಲ್ಲೂ ಸಹಿಸುವಷ್ಟೇ ಇದೆ, ಗಾಳಿಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ತಿರುಪೂ ಇದೆ. ನೀರು ಕೊಳವೆಯಲ್ಲಿ ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್ ಮಾತ್ರ ಕೊಟ್ಟಿಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟ್ ಹೋದಾಗ ಕೊಳವೆಯ ಮೂಲಕ ನೀರು ಹಿಮ್ಮುಖವಾಗಿ ಹರಿದು ಪಂಪಿಗೆ ಇಳಿಯಬಹುದಾದ್ದರಿಂದ ಇದು ಸಣ್ಣ ಕೊರತೆಯಲ್ಲ. ವಾಲ್ವ್ ಅನ್ನು ಬೇರೆಯಾಗಿ ಕೊಳ್ಳಬೇಕು, ಇಲ್ಲವೇ ಪಂಪನ್ನು ತೊಟ್ಟಿಗಿಂತ ಎತ್ತರದಲ್ಲಿಡಬೇಕು.

ಬೆಟ್ಟಾ ಮತ್ತು ಗೌರಾಮಿ ಸಾಕುವವರು ಇದನ್ನು ಗಾಬರಿಯಿಂದ ಕೊಳ್ಳಬೇಕಾಗಿಲ್ಲ: ಆ ಮೀನುಗಳು ಆಗಾಗ ಮೇಲೆ ಬಂದು ಗಾಳಿಯನ್ನು ಗುಟುಕರಿಸುವುದು ಸಹಜ. ಅವು ಮೇಲ್ಮೈ ಬಿಟ್ಟು ಇಳಿಯದೆ, ಕಿವಿರನ್ನು ವೇಗವಾಗಿ ಬಡಿಯುತ್ತಿದ್ದರೆ ಮಾತ್ರ ನೀರನ್ನು ಪರೀಕ್ಷಿಸಬೇಕು. ಬೆಟ್ಟಾ ಇರುವ ತೊಟ್ಟಿಯಲ್ಲಿ ಫಿಲ್ಟರ್ ಹಾಕುವುದಾದರೆ ಗಾಳಿಯ ತಿರುಪನ್ನು ಕನಿಷ್ಠ ಮಟ್ಟದಲ್ಲಿಡುವುದು ಒಳ್ಳೆಯದು, ಏಕೆಂದರೆ ಉದ್ದ ರೆಕ್ಕೆಗಳ ಆ ಮೀನು ರಭಸದ ನೀರಿನಲ್ಲಿ ಬೇಗ ದಣಿಯುತ್ತದೆ.