ಕೊತ್ತನೂರಿನ ನಮ್ಮ ಮನೆಗೆ ಬಂದ ಬಾಣಂತಿ-ಮಗು ಆರೈಕೆ ಸೇವೆ: ಆರು ಭೇಟಿಗಳ ಅನುಭವ

ನಾನು ಯಲ್ಲಾಪುರ ತಾಲ್ಲೂಕಿನ ಸಿದ್ದಿ ಕುಟುಂಬದವಳು. ಒಂಬತ್ತು ವರ್ಷಗಳಿಂದ ಬೆಂಗಳೂರಿನ ಕೊತ್ತನೂರಿನಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ನನಗೆ ಮಗಳು ಹುಟ್ಟಿದಳು. ಕಮ್ಮನಹಳ್ಳಿಯ ಕಡೆಯಿಂದ ಬಂದು, ಆರು ವಾರಗಳ ಕಾಲ ನಮ್ಮಿಬ್ಬರನ್ನೂ ನೋಡಿಕೊಂಡ ಮನೆಭೇಟಿ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬ ಹಿರಿಯ ದಾದಿ ಮತ್ತು ಅವರ ಸಹಾಯಕಿ ಇಬ್ಬರೇ ನಡೆಸುವ ಸೇವೆ ಇದು. ಪರಿಚಿತರ ಮೂಲಕ ಬಂದವರನ್ನಷ್ಟೇ ಒಪ್ಪಿಕೊಳ್ಳುವುದರಿಂದ ಹೆಸರು ಹಾಕುವುದು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ. ಆರು ಭೇಟಿಗಳಿಗೆ ನಾವು ಕೊಟ್ಟದ್ದು 9,000 ರೂಪಾಯಿ.

ನಮ್ಮ ಪೂರ್ವಿಕರನ್ನು ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಪಶ್ಚಿಮ ಕರಾವಳಿಗೆ ತಂದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಇಷ್ಟು ತಲೆಮಾರುಗಳಿಂದ ಈ ನೆಲದವರಾಗಿದ್ದರೂ ಬೆಂಗಳೂರಿನಲ್ಲಿ ನಾನು ಕನ್ನಡದಲ್ಲಿಯೇ ಮಾತನಾಡುತ್ತಿರುವಾಗಲೂ ಯಾವ ದೇಶದವರೆಂದು ಕೇಳುವವರಿದ್ದಾರೆ. ಅದು ನನಗೆ ಅಭ್ಯಾಸವಾಗಿದೆ. ಆದರೆ ಹುಟ್ಟಿ ಒಂದು ಗಂಟೆಯೂ ಆಗದ ಮಗುವಿನ ಮುಖ ನೋಡಿ, ‘ಈಗ ಪರವಾಗಿಲ್ಲ, ಆಮೇಲೆ ಕಪ್ಪಾಗಬಹುದು’ ಎಂದು ಹೆರಿಗೆ ಕೋಣೆಯಲ್ಲಿ ಒಬ್ಬರು ಸಮಾಧಾನದ ದನಿಯಲ್ಲಿ ಹೇಳಿದ್ದನ್ನು ಅಭ್ಯಾಸ ಮಾಡಿಕೊಳ್ಳಲು ನಾನು ಸಿದ್ಧಳಿರಲಿಲ್ಲ.

ಮೂವತ್ತೇಳು ವಾರ ತುಂಬಿ ಹುಟ್ಟಿದ ಮಗಳನ್ನು ಮೂರನೆಯ ದಿನ ಮನೆಗೆ ಕಳಿಸಿದರು. ಹೊರಡುವ ಮುನ್ನ ವೈದ್ಯರೊಬ್ಬರು ಟ್ಯೂಬ್‌ಲೈಟಿನ ಕೆಳಗೆ ಅವಳ ಎದೆ ಮತ್ತು ಕಾಲುಗಳನ್ನು ನೋಡಿ ಕಾಮಾಲೆ ಇಲ್ಲವೆಂದರು. ಮರುದಿನ ಬೆಳಗ್ಗೆ ಎಂಟು ಗಂಟೆಗೆ ಈ ದಾದಿ ಬಂದರು. ಮೊದಲ ಭೇಟಿಯನ್ನು ಅವರು ಯಾವಾಗಲೂ ಬೆಳಗಿನ ಹೊತ್ತೇ ಇಟ್ಟುಕೊಳ್ಳುತ್ತಾರೆ. ಹಗಲ ಬೆಳಕಿನಲ್ಲಿ ಮಗುವಿನ ಬಣ್ಣ ನೋಡಲೆಂದೇ ಹಾಗೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಕೈ ತೊಳೆದುಕೊಂಡು, ಮಗುವನ್ನು ಕಿಟಕಿಯ ಬಳಿ ಬಿಸಿಲು ನೇರವಾಗಿ ಬೀಳದ ಜಾಗಕ್ಕೆ ತಂದು, ಕಣ್ಣಿನ ಬಿಳಿಯ ಭಾಗ, ಒಸಡು, ನಾಲಿಗೆಯ ಅಡಿ, ಅಂಗೈ ಮತ್ತು ಅಂಗಾಲುಗಳನ್ನು ಒಂದೊಂದಾಗಿ ನೋಡಿದರು. ಒಸಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟು, ರಕ್ತ ಸರಿದ ಆ ಕ್ಷಣದಲ್ಲಿ ಕಾಣುವ ಬಣ್ಣವನ್ನು ಗಮನಿಸಿದರು. ಆಮೇಲೆ ಮಗು ಎಷ್ಟು ಬಾರಿ ಹಾಲು ಕುಡಿದಿದೆ, ಎಷ್ಟು ಬಾರಿ ಮೂತ್ರ ಮಾಡಿದೆ, ಮಲ ಕಪ್ಪಿನಿಂದ ಹಳದಿಗೆ ತಿರುಗಿದೆಯೇ ಎಂದು ಕೇಳಿ, ಈ ಹೊತ್ತೇ ರಕ್ತ ಪರೀಕ್ಷೆ ಮಾಡಿಸಿರೆಂದರು. ಬಿಲಿರುಬಿನ್ ಡೆಸಿಲೀಟರಿಗೆ 18.6 ಮಿಲಿಗ್ರಾಂ ಇತ್ತು. ಅಂದು ಮಧ್ಯಾಹ್ನವೇ ಮಗಳನ್ನು ಆಸ್ಪತ್ರೆಗೆ ಸೇರಿಸಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು.

ಅವರು ನಂತರ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ವಸ್ತುವೇ ಬಿಲಿರುಬಿನ್. ನವಜಾತ ಶಿಶುವಿನ ಯಕೃತ್ತು ಇನ್ನೂ ಪಕ್ವವಾಗಿರದೆ ಅದನ್ನು ಬೇಗ ಹೊರಹಾಕಲಾರದು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಅದು ಒಂದಿಷ್ಟು ಏರಿ ತಾನಾಗಿಯೇ ಇಳಿಯುತ್ತದೆ. ಮಿತಿ ಮೀರಿದರೆ ಮಾತ್ರ ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು. ಬರಿಗಣ್ಣಿನಿಂದ ಅದರ ಮಟ್ಟವನ್ನು ಅಳೆಯುವುದು ಯಾವ ಬಣ್ಣದ ಮಗುವಿನಲ್ಲೂ ಭರವಸೆಯ ಮಾತಲ್ಲ, ಗಾಢ ಬಣ್ಣದ ಚರ್ಮದಲ್ಲಂತೂ ಹಳದಿ ಇನ್ನಷ್ಟು ಮರೆಯಾಗುತ್ತದೆ. ಎಳೆ ಬಿಸಿಲಿಗೆ ಹಿಡಿದರೆ ಸಾಕೆಂದು ನನ್ನ ಅತ್ತೆ ಹೇಳಿದ್ದರು. ದಾದಿ ಅವರನ್ನು ತಡೆದು ನಿಲ್ಲಿಸದೆ, ಬಿಸಿಲು ಚಿಕಿತ್ಸೆಯಾಗಲಾರದು, ಆಸ್ಪತ್ರೆಯ ನೀಲಿ ಬೆಳಕು ಬಿಲಿರುಬಿನ್ನನ್ನು ದೇಹ ಹೊರಹಾಕಬಲ್ಲ ರೂಪಕ್ಕೆ ತಿರುಗಿಸುತ್ತದೆ ಎಂದು ಎದುರು ಕುಳಿತು ತಿಳಿಹೇಳಿದರು.

ಆಸ್ಪತ್ರೆಗೆ ಮರಳಿ ಸೇರಿಸುವಾಗ ನಡೆದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಮೊದಲ ಬಾರಿ ಬಿಡುಗಡೆ ಮಾಡುವಾಗ ಕೊಟ್ಟಿದ್ದ ಕಾಗದದಲ್ಲಿ ಬಣ್ಣದ ಮುಂದೆ ‘ಡಸ್ಕಿ’ ಎಂದು ಬರೆದಿದ್ದರು. ವಧು-ವರರ ಜಾಹೀರಾತಿನಲ್ಲಿ ಆ ಪದಕ್ಕೆ ಎಣ್ಣೆಗೆಂಪೆಂದೋ ಕಪ್ಪೆಂದೋ ಅರ್ಥ. ವೈದ್ಯರ ಭಾಷೆಯಲ್ಲಾದರೋ ಆಮ್ಲಜನಕ ಸಾಲದೆ ಮೈ ನೀಲಿಗಟ್ಟಿದೆ ಎಂದು. ಕಾಗದ ಓದಿದ ಕರ್ತವ್ಯದ ದಾದಿಯರು ಗಾಬರಿಯಿಂದ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಓಡಿದರು. ಅವಳ ಉಸಿರಾಟ ಸರಿಯಾಗಿಯೇ ಇತ್ತು. ಒಂದೇ ಪದ ಅವಳ ಸಹಜ ಬಣ್ಣವನ್ನು ಕಾಯಿಲೆಯಾಗಿ ಬರೆದಿತ್ತು, ಇದ್ದ ಕಾಯಿಲೆಯನ್ನು ಯಾರೂ ಬರೆದಿರಲಿಲ್ಲ.

ಈ ಸೇವೆಯ ಪುಸ್ತಿಕೆಯಲ್ಲಿ ದಾದಿ ಬರೆದಿದ್ದು ಹೀಗೆ: ‘ಮೈ ಬಣ್ಣ ಗಾಢ ಕಂದು, ಕಿವಿಯ ಅಂಚು ಮತ್ತು ಉಗುರಿನ ಬುಡದ ಚರ್ಮ ಇನ್ನೂ ಗಾಢ, ಒಸಡು ಮತ್ತು ನಾಲಿಗೆ ಗುಲಾಬಿ.’ ಬರೆಯುವ ಮುನ್ನ, ನಿಮ್ಮ ಮನೆಯಲ್ಲಿ ಈ ಬಣ್ಣವನ್ನು ಏನೆನ್ನುತ್ತೀರಿ ಎಂದು ನನ್ನನ್ನೇ ಕೇಳಿದರು. ನನ್ನ ಮೈಬಣ್ಣದ ಬಗ್ಗೆ ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹೊಸದಾಗಿ ಹುಟ್ಟಿದ ಮಗುವಿನ ಮೈಯಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ, ಕೆಲವು ವಾರಗಳಲ್ಲಿ ಅದು ತನ್ನ ಬಣ್ಣಕ್ಕೆ ಬರುತ್ತದೆ, ಕಿವಿಯ ಅಂಚು ಅದನ್ನು ಮೊದಲೇ ಹೇಳುತ್ತದೆ ಎಂದು ಅವರು ಹೇಳಿದಾಗ, ಹೆರಿಗೆ ಕೋಣೆಯಲ್ಲಿ ಎಚ್ಚರಿಕೆಯಂತೆ ಕೇಳಿದ್ದ ಅದೇ ಸಂಗತಿ ಮಗಳ ಬೆಳವಣಿಗೆಯ ಒಂದು ಹೆಜ್ಜೆಯಾಗಿ ಕೇಳಿಸಿತು.

ಹುಟ್ಟಿದ ಮಗುವಿಗೆ ಅಂಕ ಕೊಡುವ ಆಪ್ಗರ್ ಪದ್ಧತಿಯನ್ನು ಅಮೆರಿಕದ ವೈದ್ಯೆ ವರ್ಜೀನಿಯಾ ಆಪ್ಗರ್ 1952ರಲ್ಲಿ ರೂಪಿಸಿದರು. ಐದು ಲಕ್ಷಣಗಳಿಗೆ ತಲಾ 2ರಂತೆ ಒಟ್ಟು 10 ಅಂಕ, ಅದರಲ್ಲಿ ಮೈಯೆಲ್ಲ ಗುಲಾಬಿಯಾಗಿದ್ದರೆ ಬಣ್ಣಕ್ಕೆ ಪೂರ್ಣ 2. ಅಸಂಖ್ಯ ಮಕ್ಕಳನ್ನು ಉಳಿಸಿದ ಪದ್ಧತಿ ಅದು, ಅನುಮಾನವಿಲ್ಲ. ಆದರೆ ಗುಲಾಬಿ ಮೈಯಲ್ಲದ ಮಕ್ಕಳಲ್ಲಿ ಎಲ್ಲಿ ನೋಡಬೇಕೆಂಬುದನ್ನು ಕಲಿಸದೆ ಆ ಪದವನ್ನು ಮಾತ್ರ ದಾಟಿಸುತ್ತ ಬಂದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಆರೋಗ್ಯ ಸೇವೆಯಲ್ಲಿನ ಜನಾಂಗೀಯ ಅಸಮಾನತೆಗಳನ್ನು ಅಧ್ಯಯನ ಮಾಡುವ ಎನ್‌ಎಚ್‌ಎಸ್ ರೇಸ್ ಅಂಡ್ ಹೆಲ್ತ್ ಅಬ್ಸರ್ವೇಟರಿ ಎಂಬ ಸಂಸ್ಥೆ 2023ರಲ್ಲಿ ಪರಿಶೀಲಿಸಿತು. ಆಪ್ಗರ್, ಮೈ ನೀಲಿಗಟ್ಟುವಿಕೆ, ಕಾಮಾಲೆ ಈ ಮೂರನ್ನೂ ಗುರುತಿಸುವ ರೀತಿಯಲ್ಲಿ ಕಪ್ಪು ಮತ್ತು ಏಷ್ಯಾ ಮೂಲದ ಮಕ್ಕಳಿಗೆ ಕೊರತೆಯಿದೆ ಎಂದು ಅದರ ವರದಿ ತೋರಿಸಿತು. ದಾದಿಯ ಚೀಲದಲ್ಲಿದ್ದ ಚಿತ್ರಫಲಕಗಳಿಗೆ ಇದೇ ಹಿನ್ನೆಲೆ. ಕಪ್ಪು, ಕಂದು, ಗೋಧಿ ಬಣ್ಣದ ಮಕ್ಕಳಲ್ಲಿ ಕಾಮಾಲೆ, ಗುಳ್ಳೆ, ಇಸುಬು ಹೇಗೆ ಕಾಣುತ್ತವೆ ಎಂಬ ಚಿತ್ರಗಳನ್ನು ಅವರು ವರ್ಷಗಳಿಂದ ಕೂಡಿಸಿದ್ದಾರೆ. ನೈಜೀರಿಯಾದ ಚಿಡಿಯೆಬೆರೆ ಇಬೆ ಬರೆದ, ಗರ್ಭದೊಳಗಿನ ಕಪ್ಪು ಶಿಶುವಿನ ಚಿತ್ರ 2021ರಲ್ಲಿ ಲೋಕವೆಲ್ಲ ಸುತ್ತಿತ್ತು. ಅದನ್ನೂ ಅವರು ತೋರಿಸಿದರು. ತಪಾಸಣೆಗೆ ಹೋದಲ್ಲೆಲ್ಲ ಗೋಡೆಯ ಮೇಲೆ ಗುಲಾಬಿ ಶಿಶುವನ್ನೇ ನೋಡುತ್ತ ಒಂಬತ್ತು ತಿಂಗಳು ಕಳೆದಿದ್ದ ನಾನು ಆ ಫಲಕವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ನನ್ನ ತಾಯಿ ಊರಿನಿಂದ ಕೌದಿ ತಂದಿದ್ದರು. ಹಳೆಯ ಸೀರೆ-ಅಂಗಿಗಳ ತುಂಡುಗಳನ್ನು ಕೂಡಿಸಿ, ನಾಲ್ಕು ಮೂಲೆಗಳಿಗೂ ಬಟ್ಟೆಯ ಹೂವು ಇಟ್ಟು ನಮ್ಮ ಹೆಂಗಸರು ಕೈಯಲ್ಲೇ ಹೊಲಿಯುವ ಕೌದಿ ಅದು. ದಾದಿ ಅದನ್ನು ಮುಟ್ಟಿ ನೋಡಿ ಮೆಚ್ಚಿದರು, ಮೂಗಿಗೆ ಹಿಡಿದರು, ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿದ್ದಿರಾ ಎಂದು ಕೇಳಿದರು. ಹಾಕಿದ್ದರು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಆಫ್ರಿಕಾ ಮೂಲದವರಲ್ಲಿಯೂ ಭಾರತದ ಕೆಲವು ಸಮುದಾಯಗಳಲ್ಲಿಯೂ ಹೆಚ್ಚಾಗಿ ಕಾಣುತ್ತದೆ, ಅದಿರುವ ಮಗುವಿನ ರಕ್ತಕಣಗಳು ನುಸಿಗುಳಿಗೆಯ ನ್ಯಾಫ್ತಲೀನಿನಿಂದಲೇ ಒಡೆದು ಕಾಮಾಲೆ ತೀವ್ರವಾಗಬಹುದು ಎಂದು ಹೇಳಿ, ಆ ಪರೀಕ್ಷೆಯನ್ನೂ ಮಾಡಿಸಿದರು. ಮಗಳಿಗೆ ಕೊರತೆ ಇರಲಿಲ್ಲ. ಆದರೂ ಕೌದಿಯನ್ನು ಒಗೆದು ಎರಡು ದಿನ ಬಿಸಿಲಿಗೆ ಹಾಕಿದ ಮೇಲೆಯೇ ಹೊದೆಸಿದೆವು. ನಮ್ಮ ಮೂಲವನ್ನು ಕುತೂಹಲಕ್ಕಾಗಿ ಕೆದಕದೆ, ಮಗುವಿನ ಒಳಿತಿಗೆ ಬೇಕಾದಷ್ಟನ್ನು ಮಾತ್ರ ಕೇಳಿದ ಮೊದಲ ವ್ಯಕ್ತಿ ಅವರು.

ಸೊಂಟದ ಮೇಲಿದ್ದ ಬೂದು-ನೀಲಿ ಕಲೆ ಪೆಟ್ಟಿನ ಗುರುತಲ್ಲ, ಹುಟ್ಟುಮಚ್ಚೆ, ಕೆಲವು ವರ್ಷಗಳಲ್ಲಿ ಮಾಸುತ್ತದೆ ಎಂದು ಮೊದಲ ದಿನವೇ ಅಳತೆ ಸಮೇತ ಪುಸ್ತಿಕೆಯಲ್ಲಿ ದಾಖಲಿಸಿದರು. ಮುಂದೆ ಯಾರಾದರೂ ಅನುಮಾನಿಸಿದರೆ ತೋರಿಸಲು ಬೇಕಾಗುತ್ತದೆ ಎಂದರು. ಫೋಟೊ ತೆಗೆಯುವಾಗ ಮೊಬೈಲಿನಲ್ಲಿ ಮುಖವನ್ನು ತಾನಾಗಿಯೇ ಬೆಳ್ಳಗಾಗಿಸುವ ವ್ಯವಸ್ಥೆಯನ್ನು ನಿಲ್ಲಿಸಿ ತೆಗೆದರು. ನೀರು ಹಾಕಲು ಬರುತ್ತಿದ್ದ ಅಜ್ಜಿ ಕಡಲೆಹಿಟ್ಟು ಹಚ್ಚಿ ಉಜ್ಜಿದರೆ ಬಣ್ಣ ತಿಳಿಯಾಗುತ್ತದೆ ಎಂದಾಗ, ಎಳೆಯ ಚರ್ಮ ಗೀರು ಬಿದ್ದು ಸೋಂಕಾಗುತ್ತದೆಯೇ ಹೊರತು ಬಣ್ಣ ಬದಲಾಗದು, ಬದಲಾಗಬೇಕಾದ ಅಗತ್ಯವೂ ಇಲ್ಲ ಎಂದು ಅಜ್ಜಿಯ ಕೈಯನ್ನೇ ಹಿಡಿದುಕೊಂಡು ಹೇಳಿದರು. ಸುರುಳಿ ಕೂದಲನ್ನು ಒಣಗಿದ್ದಾಗ ಬಾಚದೆ, ಒದ್ದೆಯಾಗಿರುವಾಗ ಬೆರಳಿನಿಂದ ಬಿಡಿಸುವುದನ್ನು ನನ್ನ ತಾಯಿಯೇ ಅವರಿಗೆ ತೋರಿಸಿಕೊಟ್ಟರು, ಅವರು ಅದನ್ನು ಬರೆದುಕೊಂಡರು.

ಕೊರತೆಗಳೂ ಇವೆ. ಚಿತ್ರಫಲಕಗಳ ವಿವರಣೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ನನ್ನ ಅತ್ತೆಯಂಥವರು ಚಿತ್ರ ನೋಡಿ ಸುಮ್ಮನಾಗಬೇಕಾಗುತ್ತದೆ. ಮೂರನೆಯ ಭೇಟಿಗೆ ಸಹಾಯಕಿ ಒಬ್ಬರೇ ಬಂದಿದ್ದರು. ‘ಪಾಪು ಕಪ್ಪಗಿದ್ದರೂ ಲಕ್ಷಣವಾಗಿದೆ’ ಎಂಬ ಅವರ ಮಾತಿನಲ್ಲಿ ‘ಇದ್ದರೂ’ ಎಂಬುದು ನನಗೆ ಚುಚ್ಚಿತು. ಅದನ್ನು ಫೋನಿನಲ್ಲಿ ತಿಳಿಸಿದಾಗ ದಾದಿ ನೆಪ ಹೇಳಲಿಲ್ಲ. ಮುಂದಿನ ಭೇಟಿಯಲ್ಲಿ ಸಹಾಯಕಿಯೇ ‘ಕಪ್ಪು ಪಾಪು, ಲಕ್ಷಣವಾದ ಪಾಪು’ ಎನ್ನುತ್ತ ಮಗಳನ್ನು ಎತ್ತಿಕೊಂಡರು. ಸಂಜೆಯ ಭೇಟಿ ಸಿಗುವುದಿಲ್ಲ, ಹೊರವರ್ತುಲ ರಸ್ತೆಯಿಂದ ತೀರ ದೂರದ ಬಡಾವಣೆಗಳಿಗೆ ಬರುವುದಿಲ್ಲ. ಏಳನೆಯ ತಿಂಗಳಿನಲ್ಲಿಯೇ ಹೆಸರು ಬರೆಸದಿದ್ದರೆ ದಿನ ಸಿಗುವುದು ಕಷ್ಟ.

ನನ್ನ ತಂಗಿಗೆ ಈಗ ಆರು ತಿಂಗಳು. ಹೆರಿಗೆಗೆ ನಮ್ಮ ಮನೆಗೇ ಬರುತ್ತಾಳೆ, ಅವಳ ಹೆಸರನ್ನು ಹೋದ ವಾರವೇ ಬರೆಸಿದ್ದೇನೆ. ಫಲಕಗಳಿಗೆ ಕನ್ನಡದ ವಿವರಣೆಯನ್ನು ನಾನು ಬರೆದುಕೊಡುತ್ತೇನೆಂದಾಗ ದಾದಿ ಒಪ್ಪಿದ್ದಾರೆ. ಈ ಭಾನುವಾರ ಮೊದಲ ಹತ್ತನ್ನು ತೆಗೆದುಕೊಂಡು ಬರುವವರಿದ್ದಾರೆ.