ವೇಲೆನ್ಸಿಯಾದಲ್ಲಿ ಸ್ಪ್ಯಾನಿಷ್ ಪಾಠ: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಸೆಪ್ಟೆಂಬರ್‌ನಲ್ಲಿ ಎಂ.ಎಸ್ಸಿ. ಓದಲು ಸ್ಪೇನಿನ ವೇಲೆನ್ಸಿಯಾಕ್ಕೆ ಹೊರಟಿದ್ದಾಳೆ. ಯಜಮಾನರ ಕೆಲಸದ ಸಲುವಾಗಿ ನಾನು ಅದೇ ಊರಲ್ಲಿ ಎರಡೂವರೆ ವರ್ಷ ಇದ್ದು ಬಂದವಳು. ಮೊನ್ನೆ ತಾಯಿ ಮಗಳು ಇಬ್ಬರೂ ಮನೆಗೆ ಬಂದು, "ಅಲ್ಲಿನ ಭಾಷೆ ಎಲ್ಲಿ ಕಲಿತ್ರಿ, ಎಷ್ಟು ಖರ್ಚಾಯ್ತು?" ಅಂತ ಕೇಳಿದರು. ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಎರಡು ತಾಸು ಮಾತಾಡಿದೆವು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ನಾನು ನಾಲ್ಕು ತಿಂಗಳು ಫೋನಿನಲ್ಲಿ ಡ್ಯುಯೊಲಿಂಗೊ ಮಾಡಿದ್ದೆ. ಬಿಟ್ಟಿ ಸಿಗುತ್ತದೆ; ಅಂಕಿ, ವಾರ, ಬಣ್ಣ, ತರಕಾರಿ ಹೆಸರು ಬಾಯಿಗೆ ಬರುತ್ತವೆ. ಅಷ್ಟಕ್ಕೆ ಸಾಕು. ವೇಲೆನ್ಸಿಯಾಕ್ಕೆ ಹೋದ ಮೂರನೇ ದಿನ ಟೊಮೇಟೊ ತರಲು ಮಾರುಕಟ್ಟೆಗೆ ಹೋದೆ. ಅಂಗಡಿಯಾಕೆ ತಲೆ ಎತ್ತದೆ "ಕೆ ತೆ ಪೊಂಗೊ?" ಅಂದಳು. ಆ್ಯಪ್ ಕಲಿಸಿದ ಯಾವ ವಾಕ್ಯಕ್ಕೂ ಅದು ಹೊಂದಲಿಲ್ಲ. ಬೆರಳು ತೋರಿಸಿ ತಂದೆ. ಆಮೇಲೆ ಗೊತ್ತಾಯಿತು, ಅದರ ಪದಶಃ ಅರ್ಥ "ನಿನಗೇನು ಹಾಕಲಿ?" ಅಂತ. ಇಲ್ಲಿ ಗಡಿಯಾರ ಕಂಬದ ಹತ್ತಿರ ತರಕಾರಿಯವರು "ಏನ್ ಹಾಕ್ಲಿ ಅಕ್ಕಾ?" ಅನ್ನುತ್ತಾರಲ್ಲ, ಅದೇ ಮಾತು! ಯಾರಾದರೂ ಒಮ್ಮೆ ಎದುರಿಗೆ ಕೂತು ಹೇಳಿಕೊಟ್ಟಿದ್ದರೆ ಸಾಕಿತ್ತು.

ಆ ಅವಸರದಲ್ಲೇ ಮನೆ ಹತ್ತಿರದ ಖಾಸಗಿ ಅಕಾಡೆಮಿಗೆ ಸೇರಿದೆ. ತಿಂಗಳಿಗೆ 128 ಯೂರೊ, ವಾರಕ್ಕೆ ಎರಡು ಪಾಠ, ಪಾಠಕ್ಕೆ ಒಂದೂವರೆ ತಾಸು. ಮೂರು ತಿಂಗಳ ಶುಲ್ಕ ಮುಂಗಡ. ಮೊದಲ ತಿಂಗಳು ಚೆನ್ನಾಗಿಯೇ ಇತ್ತು. ಎರಡನೇ ತಿಂಗಳು ಕಲಿಯುವವರು ಕಡಿಮೆಯಾದರು ಎಂದು ನಮ್ಮ ತರಗತಿಯನ್ನು ಮೇಲಿನ ಹಂತದವರ ಜೊತೆ ಸೇರಿಸಿಬಿಟ್ಟರು. ಅವರು ಭೂತಕಾಲದಲ್ಲಿ ಕಥೆ ಹೇಳುತ್ತಿದ್ದರು, ನಾನು ಇನ್ನೂ ನನ್ನ ಹೆಸರು, ಊರು ಹೇಳುತ್ತಿದ್ದೆ. ದುಡ್ಡು ವಾಪಸ್ ಕೇಳಿದರೆ ರಸೀದಿಯ ಹಿಂದಿನ ಸಣ್ಣಕ್ಷರ ತೋರಿಸಿದರು. ನನಗೆ ಅದು ಓದಲೂ ಬರುತ್ತಿರಲಿಲ್ಲ. ಆ ನೋವು ಇವತ್ತಿಗೂ ಹೋಗಿಲ್ಲ.

ಆಗಲೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೀಟು ಹಾಕಲು ಶುರು ಮಾಡಿದ್ದು. ತರಗತಿಯಲ್ಲಿ ನಾನು ಬಾಯಿಬಿಟ್ಟು ಸ್ಪ್ಯಾನಿಷ್ ಆಡಿದ ಒಂದೊಂದು ನಿಮಿಷಕ್ಕೂ ಒಂದು ಗೀಟು, ಐದನೆಯದು ಅಡ್ಡಗೀಟು, ಎಪಿಎಂಸಿಯಲ್ಲಿ ಮೂಟೆ ಎಣಿಸುವಂತೆ. ಅಕಾಡೆಮಿಯಲ್ಲಿ ಹನ್ನೊಂದು ಜನರ ನಡುವೆ ಪಾಠಕ್ಕೆ ನನ್ನ ಪಾಲಿಗೆ ಬಂದದ್ದು ಐದು ನಿಮಿಷ. ಒಂದು ಪಾಠಕ್ಕೆ 16 ಯೂರೊ ಎಂದರೆ, ನಾನು ಆಡಿದ ಒಂದೊಂದು ನಿಮಿಷಕ್ಕೆ ಮೂರು ಯೂರೊ ಮೇಲೆ ಕೊಟ್ಟಂತಾಯಿತು. ಮುಂದೆ ಎಲ್ಲವನ್ನೂ ನಾನು ಇದೇ ತಕ್ಕಡಿಯಲ್ಲಿ ತೂಗಿದೆ.

ಅಕಾಡೆಮಿ ಬಿಟ್ಟ ಮೇಲೆ ಹಿಡಿದದ್ದು ಆನ್‌ಲೈನ್ ಪಾಠ, ಒಬ್ಬ ಗುರು, ಒಬ್ಬ ವಿದ್ಯಾರ್ಥಿ. ಗ್ವಾಟೆಮಾಲಾದ ಒಬ್ಬ ಟೀಚರ್ ಸಿಕ್ಕರು. ಆ ದೇಶದ ಆಂಟಿಗುವಾ ಪಟ್ಟಣ ಹೀಗೆ ಒಬ್ಬೊಬ್ಬರಿಗೇ ಸ್ಪ್ಯಾನಿಷ್ ಹೇಳಿಕೊಡುವ ಶಾಲೆಗಳಿಗೆ ಹೆಸರುವಾಸಿ. ತಾಸಿಗೆ 10 ಯೂರೊ. ಗೀಟು ಎಣಿಸಿದರೆ ತಾಸಿಗೆ ಮೂವತ್ತಕ್ಕೆ ಕಡಿಮೆಯಿಲ್ಲ, ಅಂದರೆ ನಿಮಿಷಕ್ಕೆ ಸುಮಾರು ಮೂವತ್ತು ಸೆಂಟ್. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಅಕಾಡೆಮಿಯಲ್ಲಿ ಎಲ್ಲವನ್ನೂ ಇಂಗ್ಲಿಷಿಗೆ ಹೋಲಿಸಿ ಹೇಳುತ್ತಿದ್ದರು. "ಮೆ ಗುಸ್ತಾ ಎಲ್ ಕಫೆ" ಎಂಬ ಒಂದು ವಾಕ್ಯ ತಿರುಗುಮುರುಗು ಎಂದು ಎರಡು ಪಾಠ ಎಳೆದರು. ಕನ್ನಡದವರಿಗೆ ಅದರಲ್ಲಿ ತಿರುವೇ ಇಲ್ಲ: "ನನಗೆ ಕಾಫಿ ಇಷ್ಟ." "ಮೆ ದುಯೆಲೆ ಲಾ ಕಬೆಸಾ" ಅಂದರೆ "ನನಗೆ ತಲೆ ನೋಯ್ತಿದೆ." ಗ್ವಾಟೆಮಾಲಾದ ಟೀಚರ್‌ಗೆ ಕನ್ನಡದ ಈ ಜೋಡಣೆ ವಿವರಿಸಿದಾಗ ಅವರು ಅರ್ಧ ಪುಸ್ತಕ ದಾಟಿಸಿ ಮುಂದೆ ಹೋದರು. "ಬರ್ತೀನಿ" ಎಂದರೆ ಸಾಕು, "ನಾನು" ಬೇಕಿಲ್ಲ. ಸ್ಪ್ಯಾನಿಷಿನಲ್ಲೂ ಹಾಗೇ, ಕ್ರಿಯಾಪದದ ಕೊನೆಯೇ ಯಾರೆಂದು ಹೇಳುತ್ತದೆ. ತ, ದ ನಮ್ಮಂತೆಯೇ ಹಲ್ಲಿಗೆ ತಾಗುತ್ತವೆ. "ಪೆರೊ" ಎಂದರೆ ಆದರೆ, "ಪೆರ್ರೊ" ಎಂದರೆ ನಾಯಿ. "ಸರ್ರನೆ" ಅನ್ನಲು ಬರುವವರು ಆ ರಕಾರಕ್ಕೆ ಹೆದರಬೇಕಿಲ್ಲ.

ಕೊರತೆಯೂ ಇದೆ. ಗ್ವಾಟೆಮಾಲಾದ ಸ್ಪ್ಯಾನಿಷ್‌ಗೂ ಸ್ಪೇನಿನದಕ್ಕೂ ಕೆಲವು ಕಡೆ ವ್ಯತ್ಯಾಸ. ಹಣ್ಣಿನ ರಸಕ್ಕೆ ಅವರು "ಹುಗೊ" ಅನ್ನುತ್ತಾರೆ, ಸ್ಪೇನಿನಲ್ಲಿ "ಥುಮೊ". ಸ್ನೇಹಿತರ ಗುಂಪಿಗೆ ಸ್ಪೇನಿನವರು ಬಳಸುವ "ವೊಸೊತ್ರೊಸ್" (ನೀವೆಲ್ಲ) ಅಲ್ಲಿ ಆಡುಮಾತಿನಲ್ಲಿ ಇಲ್ಲವೇ ಇಲ್ಲ, ಅದರ ಕ್ರಿಯಾರೂಪಗಳನ್ನು ನಾನು ಹೊಸದಾಗಿ ಕಲಿಯಬೇಕಾಯಿತು. ಬರವಣಿಗೆಯನ್ನೂ ಯಾರೂ ಒತ್ತಿ ತಿದ್ದಲಿಲ್ಲ.

ಅದನ್ನು ತಿದ್ದಿದ್ದು ಸರ್ಕಾರಿ ಶಾಲೆ, ಎಸ್ಕುವೆಲಾ ಒಫಿಸಿಯಾಲ್ ದೆ ಇದಿಯೋಮಾಸ್. ಭಾಷೆ ಕಲಿಸಲೆಂದೇ ಇರುವ ಇಂಥ ಶಾಲೆಗಳಲ್ಲಿ ಮೊದಲನೆಯದು 1911ರಲ್ಲಿ ಮ್ಯಾಡ್ರಿಡ್‌ನಲ್ಲಿ ಶುರುವಾಯಿತು, ಈಗ ದೇಶದ ತುಂಬ ಇವೆ. ಶುಲ್ಕ ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಥರ. ನಾನು ಇಡೀ ವರ್ಷಕ್ಕೆ ಕಟ್ಟಿದ್ದು ಅಕಾಡೆಮಿಯ ಒಂದು ತಿಂಗಳ ಶುಲ್ಕಕ್ಕಿಂತ ಕಡಿಮೆ! ತರಗತಿ ದೊಡ್ಡದು, ಗೀಟು ಆರೇಳಕ್ಕಿಂತ ಏರಲಿಲ್ಲ. ಆದರೆ ಟೀಚರ್ ಪ್ರತಿ ವಾರ ನನ್ನ ಪ್ರಬಂಧವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಅಂಚಿನಲ್ಲಿ ಎರಡು ಸಾಲು ಬರೆದು ಕೊಡುತ್ತಿದ್ದರು. ಭದ್ರಾ ಕಾಲುವೆಯ ಗದ್ದೆಗಳ ಬಗ್ಗೆ ಬರೆದಾಗ, ಊರ ಪಕ್ಕದ ಅಲ್ಬುಫೆರಾದ ಭತ್ತದ ಗದ್ದೆ ನೋಡಿ ಬಾ ಎಂದು ಬಸ್ಸಿನ ನಂಬರ್ ಬರೆದಿದ್ದರು. ಇಂಥ ಟೀಚರ್ ಸಿಗುವುದು ಪುಣ್ಯ. ತೊಂದರೆ ಒಂದೇ: ಅರ್ಜಿಯ ದಿನ ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕು. ಮೊದಲ ವರ್ಷ ನನಗೆ ತಪ್ಪಿದ್ದೂ ಹಾಗೆಯೇ.

ಇನ್ನು ಇಂತೆರ್‌ಕಾಂಬಿಯೊ. ನೀವು ಅವರಿಗೆ ಅರ್ಧ ತಾಸು ಇಂಗ್ಲಿಷ್, ಅವರು ನಿಮಗೆ ಅರ್ಧ ತಾಸು ಸ್ಪ್ಯಾನಿಷ್, ಖರ್ಚು ಕಾಫಿಯದ್ದು ಮಾತ್ರ. 1957ರ ಪ್ರವಾಹದ ನಂತರ ತೂರಿಯಾ ನದಿಯನ್ನು ಊರ ಹೊರಗೆ ತಿರುಗಿಸಿದರು, ಹಳೆಯ ಪಾತ್ರ ಈಗ ಉದ್ದನೆಯ ಉದ್ಯಾನ. ನಿವೃತ್ತ ನರ್ಸ್ ಒಬ್ಬರ ಜೊತೆ ಅಲ್ಲಿ ಪ್ರತಿ ಗುರುವಾರ ನಡೆಯುತ್ತಿದ್ದೆ. ಅಂಗಡಿಯ ಮಾತು, ಆಸ್ಪತ್ರೆಯ ಮಾತು ಬಂದದ್ದು ಅಲ್ಲೇ. ಸುಮ್ಮನೆ ಕಾಲಹರಣ ಮಾಡುವವರೂ ಇರುತ್ತಾರೆ. ಎರಡು ಸಲ ನೋಡಿ ಬಿಡಬೇಕು. ತೀರಾ ಹೊಸಬರಿಗೆ ಇದು ಕಷ್ಟ, ಮೂರು ತಿಂಗಳ ಪಾಠವಾದರೂ ಹೊಟ್ಟೆಯಲ್ಲಿರಬೇಕು. ಒಂದು ಎಚ್ಚರಿಕೆ: ಆ ಊರಲ್ಲಿ ವೇಲೆನ್ಸಿಯನ್ ಭಾಷೆಯೂ ಇದೆ, ಮಾರುಕಟ್ಟೆಯ ಬೋರ್ಡಿನಲ್ಲಿ ಸ್ಪ್ಯಾನಿಷಿನ "ಮೆರ್ಕಾದೊ" ಬದಲು "ಮೆರ್ಕಾತ್" ಎಂದಿರುತ್ತದೆ. ಉಚಿತ ತರಗತಿ ಎಂದು ಓಡಿಹೋಗುವ ಮುಂಚೆ ಕಲಿಸುವುದು ಯಾವ ಭಾಷೆ ಎಂದು ಕೇಳಿಕೊಳ್ಳಿ.

ಹುಡುಗಿಗೆ ಹೇಳಿದ್ದು ಇಷ್ಟು: ಅಕಾಡೆಮಿ ಬೇಡ. ಇಲ್ಲಿಂದಲೇ ಒಬ್ಬರ ಹತ್ತಿರ ಆನ್‌ಲೈನ್ ಪಾಠ ಶುರು ಮಾಡು. ದಾವಣಗೆರೆಯಲ್ಲಿ ಬೆಳಿಗ್ಗೆ ಏಳು ಎಂದರೆ ಗ್ವಾಟೆಮಾಲಾದಲ್ಲಿ ಹಿಂದಿನ ದಿನದ ಸಂಜೆ ಏಳೂವರೆ, ಇಬ್ಬರಿಗೂ ಅನುಕೂಲ. ಸರ್ಕಾರಿ ಶಾಲೆಯ ಅರ್ಜಿ ದಿನಾಂಕ ಈಗಲೇ ಹುಡುಕಿ ಕ್ಯಾಲೆಂಡರಿನಲ್ಲಿ ಬರೆದಿಡು. ತಾಯಿ ತಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಫೋಟೊ ಫೋನಿನಲ್ಲಿ ತೋರಿಸಿ, "ಇದರಲ್ಲೇ ಬರೀತೀನಿ, ಕಣ್ಣಿಗೆ ಬೀಳ್ತಿರಲಿ" ಅಂದರು. ಸೋಮವಾರ ಅವಳ ಮೊದಲ ಪಾಠ.