ನೆಮಾ 23 ಮೋಟರಿಗೆ ಯಾವ ಡ್ರೈವರ್? ಟಿಬಿ6600 ಬಿಚ್ಚಿ ನೋಡಿ, ಡಿಎಂ542 ಹಾಕಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನೆಮಾ 23 ಅಳತೆಯ ಸ್ಟೆಪ್ಪರ್ ಮೋಟರ್ (ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟರ್) ಹಾಕಿ ಮನೆಯಲ್ಲೇ ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರ, ಕಟ್ಟುವವರು ಟಿಬಿ6600 ಅಂತ ಬರೆದ ಅಗ್ಗದ ಡಬ್ಬಿ ಬಿಟ್ಟು ಡಿಎಂ542 ಡ್ರೈವರ್ ತೆಗೆದುಕೊಳ್ಳಿ. ಡ್ರೈವರ್ ಅಂದರೆ ಮೋಟರಿನ ಕಾಯಿಲ್‌ಗಳಿಗೆ ಹದವಾಗಿ ಕರೆಂಟ್ ಹರಿಸುವ ಡಬ್ಬಿ. ದುಡ್ಡು ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಆದರೂ ತೆಗೆದುಕೊಳ್ಳಿ. ಅವಸರದವರು ಇಲ್ಲಿಗೇ ನಿಲ್ಲಿಸಬಹುದು.

ನನ್ನದು ತಿಪಟೂರಿನ ಹತ್ತಿರ ಮೋಟರ್ ರೀವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟರ್ ಬರುತ್ತದೆ, ಬಿಚ್ಚಿ ಹೊಸ ತಂತಿ ಸುತ್ತಿ ಕೊಡುತ್ತೇನೆ. ಪಕ್ಕದ ಮಳಿಗೆಯಲ್ಲಿ ಮರಗೆಲಸದ ಆಚಾರ್ರು ಇದ್ದಾರೆ. ದೇವರ ಮನೆ ಬಾಗಿಲಿಗೆ ಜಾಲಿ ಕೊರೆಯಲು ಒಂದು ಯಂತ್ರ ಬೇಕು ಅಂತ ಇಬ್ಬರೂ ಸೇರಿ ಕಟ್ಟಿದೆವು. ಚೌಕಟ್ಟು ಅವರದು, ಕರೆಂಟು ನನ್ನದು. ಎರಡಡಿಗೆ ಮೂರಡಿ ಟೇಬಲ್, ಮೂರೂ ಕಡೆ 5 ಮಿಲಿಮೀಟರ್ ಪಿಚ್‌ನ 1605 ಬಾಲ್ ಸ್ಕ್ರೂ (ಒಂದು ಸುತ್ತಿಗೆ ಅಷ್ಟು ದೂರ ಸರಿಸುವ ತಿರುಪು), ಮೂರು ನೆಮಾ 23 ಮೋಟರ್. ಒಂದೊಂದೂ 2.8 ಆಂಪ್ಸ್, 19 ಕೆಜಿ-ಸೆಂಟಿಮೀಟರ್ ಆಸುಪಾಸು. ತಲೆಗೆ ಆರ್ಡುಯಿನೊ ಊನೊ ಅನ್ನುವ ಚಿಕ್ಕ ಕಂಟ್ರೋಲರ್ ಬೋರ್ಡು, ಅದರಲ್ಲಿ ಯಂತ್ರ ಓಡಿಸುವ ಜಿಆರ್‌ಬಿಎಲ್ ಅನ್ನುವ ಪ್ರೋಗ್ರಾಮು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸ್ಟೆಪ್ಪರ್ ಡ್ರೈವರ್ ಕೊಡಿ ಅಂದರೆ ಮೊದಲು ಕೈಗೆ ಬರುವುದು ಎ4988. ಹೆಬ್ಬೆರಳಿನಷ್ಟು ಅಗಲದ ಬೋರ್ಡು. ಪಟ್ಟಿಯಲ್ಲಿ 35 ವೋಲ್ಟ್, 2 ಆಂಪ್ಸ್ ಅಂತ ಇರುತ್ತದೆ. ಹೀಟ್‌ಸಿಂಕ್ ಇಲ್ಲದೆ 1 ಆಂಪ್ಸ್ ದಾಟಿಸುವುದು ಕಷ್ಟ. ಅದರ ಅಣ್ಣ ಡಿಆರ್‌ವಿ8825 45 ವೋಲ್ಟ್‌ವರೆಗೆ ಹೋಗುತ್ತದೆ, ಇನ್ನೊಂದಿಷ್ಟು ಕರೆಂಟ್ ಕೊಡುತ್ತದೆ. ಎರಡೂ 3ಡಿ ಪ್ರಿಂಟರಿನ ನೆಮಾ 17 ಮೋಟರಿಗೆ ಸರಿ. ಸದ್ದೇ ಬೇಡ ಅನ್ನುವವರಿಗೆ ಟಿಎಂಸಿ2209 ಇದೆ, ನಿಜಕ್ಕೂ ಸದ್ದಿಲ್ಲ, ಆದರೆ ಅದರ ಮಿತಿ 29 ವೋಲ್ಟ್. ನಮ್ಮ ಮೋಟರಿಗೆ ಇವು ಯಾವುದೂ ಸಾಲದು.

ಹಾಗಾಗಿ ಟಿಬಿ6600 ತಂದೆ. ಡಬ್ಬಿ ಮೇಲೆ ಕಂಪನಿ ಹೆಸರಿಲ್ಲ. 9ರಿಂದ 42 ವೋಲ್ಟ್, 4 ಆಂಪ್ಸ್ ಅಂತಿತ್ತು. ಒಂದು ಕಡೆ ಕಪ್ಪು ಅಲ್ಯೂಮಿನಿಯಂ ರೆಕ್ಕೆ, ಪಕ್ಕದಲ್ಲಿ ಕರೆಂಟು, ಸ್ಟೆಪ್ಪು ಆರಿಸುವ ಆರು ಪುಟ್ಟ ಡಿಪ್ ಸ್ವಿಚ್. ನೋಡಲು ಗಟ್ಟಿಮುಟ್ಟು.

ಈಗ ಆ ಡಬ್ಬಿಯ ಮೇಲಿನ ಕರೆಂಟ್ ಪಟ್ಟಿ ಒಮ್ಮೆ ನಿಧಾನವಾಗಿ ಓದಿ. ಎರಡು ಕಾಲಂ ಇರುತ್ತದೆ. ಒಂದು ಮಾಮೂಲಿ ಕರೆಂಟ್, ಇನ್ನೊಂದು ಪೀಕ್, ಅಂದರೆ ತುದಿ ಮುಟ್ಟಿದಾಗಿನ ಕರೆಂಟ್. 2.0ಕ್ಕೆ 2.2, 2.8ಕ್ಕೆ 2.9, 3.5ಕ್ಕೆ 4.0. ಮೈಕ್ರೋಸ್ಟೆಪ್‌ನಲ್ಲಿ, ಅಂದರೆ ಒಂದು ಸ್ಟೆಪ್ಪನ್ನು ಸಣ್ಣ ಸಣ್ಣ ತುಂಡು ಮಾಡಿ, ಓಡುವ ಮೋಟರಿನ ಕರೆಂಟ್ ಹತ್ತಿರಹತ್ತಿರ ಸೈನ್ ವೇವ್ ತರ ಏರಿಳಿಯುತ್ತದೆ. ಅಂದ ಮೇಲೆ ಆರ್‌ಎಂಎಸ್‌ಗೂ (ಒಂದು ಬಗೆಯ ಸರಾಸರಿ ಕರೆಂಟ್) ಪೀಕ್‌ಗೂ ನಡುವೆ 1.4 ಪಟ್ಟು ಇರಬೇಕು ಅಲ್ವಾ? ಒಂದೇ ಪಟ್ಟಿಯಲ್ಲಿ ಒಂದು ಸಾಲಿಗೆ 1.1 ಪಟ್ಟು, ಇನ್ನೊಂದಕ್ಕೆ 1.04 ಪಟ್ಟು! ಯಾವ ಲೆಕ್ಕಕ್ಕೂ ಕೂರುವುದಿಲ್ಲ. 3.0ಕ್ಕೆ ಇಟ್ಟು, ಮೋಟರ್ ನಿಧಾನಕ್ಕೆ ತಿರುಗಿಸುತ್ತಾ ಒಂದು ಕಾಯಿಲ್‌ಗೆ ಡಿಸಿ ಕ್ಲಾಂಪ್ ಮೀಟರ್ ಹಾಕಿ ನೋಡಿದೆ. ಡಬ್ಬಿ ಹೇಳಿದಷ್ಟು ಬರಲೇ ಇಲ್ಲ.

ಬಿಚ್ಚದೆ ಇರಲಾಗಲಿಲ್ಲ. ಬಿಚ್ಚುವುದೇ ನನ್ನ ಕೆಲಸ ತಾನೆ. ತೊಷಿಬಾದವರ ಅಸಲಿ ಟಿಬಿ6600 ಅಂದರೆ 25 ಕಾಲಿನ ದೊಡ್ಡ ಚಿಪ್, ಬೆನ್ನಿಗೆ ಲೋಹದ ಪಟ್ಟಿ, ಹೀಟ್‌ಸಿಂಕಿಗೆ ಸ್ಕ್ರೂ ಹಾಕಿ ಬಿಗಿಯುವಂಥದ್ದು. ನನ್ನ ಡಬ್ಬಿಯೊಳಗೆ ಅದಿರಲಿಲ್ಲ. ಬೋರ್ಡಿಗೆ ಅಂಟಿದ ಚಿಕ್ಕ ಚೌಕದ ಟಿಬಿ67ಎಸ್109 ಇತ್ತು. ಅದೂ ತೊಷಿಬಾದ್ದೇ, ಕೆಟ್ಟ ಚಿಪ್ ಅಲ್ಲ. ಆದರೆ ಹೆಸರು ಒಂದು, ಸರಕು ಇನ್ನೊಂದು. ಡಬ್ಬಿ ಬಿಚ್ಚದೆಯೂ ಇದನ್ನು ಕಂಡುಹಿಡಿಯಬಹುದು. ಅಸಲಿ ಟಿಬಿ6600 ಮೈಕ್ರೋಸ್ಟೆಪ್ 16ಕ್ಕೇ ನಿಲ್ಲುತ್ತದೆ. ಪಟ್ಟಿಯಲ್ಲಿ 32 ಅಂತ ಇದ್ದರೆ ಒಳಗಿರುವುದು ಬೇರೆ ಚಿಪ್ ಅಂತಲೇ ಅರ್ಥ. ಇನ್ನು 4 ಆಂಪ್ಸ್ ಅನ್ನುವುದು ನನ್ನ ಡಬ್ಬಿಯ ಟಿಬಿ67ಎಸ್109 ಚಿಪ್ಪಿನ ಕೊನೆಯ ಮಿತಿ, ದಿನಾ ದುಡಿಸುವ ಅಳತೆ ಅಲ್ಲ. ಬೇಸಿಗೆಯಲ್ಲಿ ತಗಡಿನ ಚಾವಣಿ ಕೆಳಗೆ ಅದನ್ನು 3 ದಾಟಿಸುವ ಧೈರ್ಯ ನನಗಿಲ್ಲ.

ಅಂಗಡಿಗೆ ಬರುವ ಪಾಲಿಟೆಕ್ನಿಕ್ ಹುಡುಗರು ಕೇಳುವುದು ಒಂದೇ ಪ್ರಶ್ನೆ. ‘ಅಣ್ಣ, ಈ ಮೋಟರಿನ ಕಾಯಿಲ್ 1.1 ಓಮ್. 2.8 ಆಂಪ್ಸ್ ಹರಿಸಲು 3 ವೋಲ್ಟ್ ಚಿಲ್ಲರೆ ಸಾಕು. ನೀವ್ಯಾಕೆ 36 ವೋಲ್ಟ್ ಕೊಡ್ತೀರಾ, ಸುಟ್ಟುಹೋಗಲ್ವಾ?’

ಸುಡುವುದಿಲ್ಲ. ಡ್ರೈವರ್ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ. ನಾವು ಇಟ್ಟ ಮಿತಿ ಮುಟ್ಟಿದ ಕೂಡಲೇ ಆಫ್, ಇಳಿದರೆ ಆನ್. ಮೋಟರ್ ನಿಂತಿದ್ದರೆ 3 ವೋಲ್ಟೇ ಸಾಕು, ನಿಜ. ಓಡುವಾಗ ಕಥೆ ಬೇರೆ. ನಮ್ಮ ಮೋಟರಿನ ಇಂಡಕ್ಟನ್ಸ್, ಅಂದರೆ ಕರೆಂಟ್ ತಟ್ಟನೆ ಏರದಂತೆ ಕಾಯಿಲ್ ತಡೆಯುವ ಗುಣ, 3.6 ಮಿಲಿಹೆನ್ರಿ. ನಿಮಿಷಕ್ಕೆ 3000 ಮಿಲಿಮೀಟರ್ ಓಡಬೇಕು ಅಂದರೆ 5 ಮಿಲಿಮೀಟರ್ ಪಿಚ್‌ನ ಸ್ಕ್ರೂ ನಿಮಿಷಕ್ಕೆ 600 ಸುತ್ತು ತಿರುಗಬೇಕು. ಒಂದು ಸುತ್ತಿಗೆ 200 ಸ್ಟೆಪ್. ಸೆಕೆಂಡಿಗೆ 2000 ಸ್ಟೆಪ್. ಒಂದು ಸ್ಟೆಪ್ಪಿಗೆ ಸಿಗುವುದು ಅರ್ಧ ಮಿಲಿಸೆಕೆಂಡ್.

ಅಷ್ಟರಲ್ಲಿ ಕರೆಂಟ್ ಸೊನ್ನೆಯಿಂದ 2.8ಕ್ಕೆ ಏರಬೇಕು. ಇಂಡಕ್ಟನ್ಸ್ ಗುಣಿಸು ಕರೆಂಟ್, ಭಾಗಿಸು ವೋಲ್ಟೇಜ್. 12 ವೋಲ್ಟ್ ಕೊಟ್ಟರೆ 0.84 ಮಿಲಿಸೆಕೆಂಡ್ ಬೇಕು. ಸ್ಟೆಪ್ಪೇ ಮುಗಿದುಹೋಗಿರುತ್ತದೆ. 24 ವೋಲ್ಟಿಗೆ 0.42, ಅಂದರೆ ಏರುವುದರಲ್ಲೇ ಸಮಯ ಕಳೆಯಿತು. 36 ವೋಲ್ಟಿಗೆ 0.28, ಉಳಿದ ಹೊತ್ತು ಮೋಟರ್ ಪೂರ್ತಿ ಬಲದಲ್ಲಿ ಎಳೆಯುತ್ತದೆ. ಮೋಟರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜನ್ನು ನಾನಿಲ್ಲಿ ಸೇರಿಸಿಲ್ಲ, ಸೇರಿಸಿದರೆ 12 ವೋಲ್ಟಿನ ಗತಿ ಇನ್ನೂ ಕೆಡುತ್ತದೆ. ಆಂಪ್ಸ್ ನೋಡಿ ಡ್ರೈವರ್ ಕೊಂಡು, ಹಳೇ ಕಂಪ್ಯೂಟರಿನ 12 ವೋಲ್ಟ್ ಸಪ್ಲೈ ಸಿಕ್ಕಿಸಿ, ‘ಮೋಟರಿನಲ್ಲಿ ಬಲವೇ ಇಲ್ಲ’ ಅನ್ನುವವರು ನಮ್ಮಲ್ಲಿ ಜಾಸ್ತಿ.

ನಾನು ಹಾಕಿರುವುದು 36 ವೋಲ್ಟ್, 350 ವಾಟ್ಸ್ ಎಸ್‌ಎಂಪಿಎಸ್ ಪವರ್ ಸಪ್ಲೈ. ಡಿಎಂ542ರ ಮೇಲೆ 50 ವೋಲ್ಟ್‌ವರೆಗೆ ಅಂತ ಬರೆದಿದೆ, 48 ಹಾಕುವವರೂ ಇದ್ದಾರೆ. ನಾನು ಹಾಕುವುದಿಲ್ಲ. ಭಾರದ ಗ್ಯಾಂಟ್ರಿ (ಕೊರೆಯುವ ತಲೆ ಹೊತ್ತು ಓಡುವ ಅಡ್ಡ ಚೌಕಟ್ಟು) ಜೋರಾಗಿ ಓಡಿ ತಟ್ಟನೆ ನಿಂತಾಗ ಮೋಟರೇ ಜನರೇಟರ್ ಆಗಿ ವೋಲ್ಟೇಜನ್ನು ಹಿಂದಕ್ಕೆ ನೂಕುತ್ತದೆ. ಎರಡು ವೋಲ್ಟಿನ ಅಂತರ ಅದಕ್ಕೆ ಏನೇನೂ ಸಾಲದು.

ಹೋಲಿಕೆ ನ್ಯಾಯವಾಗಿರಲಿ ಅಂತ ಎರಡೂ ಡ್ರೈವರಿಗೆ ಇದೇ ಸಪ್ಲೈ, ಇದೇ ಮೋಟರ್. ಟಿಬಿ6600 ಡಬ್ಬಿಯಲ್ಲಿ ನಿಮಿಷಕ್ಕೆ 1500 ಮಿಲಿಮೀಟರ್‌ವರೆಗೆ ತೊಂದರೆ ಇಲ್ಲ. ಅದರ ಮೇಲೆ ಹೋದರೆ ಒಂದು ಗುರುಗುಟ್ಟುವ ಸದ್ದು, ಚೌಕಟ್ಟೆಲ್ಲ ನಡುಗುತ್ತಿತ್ತು, ಆಮೇಲೆ ಮೋಟರ್ ಸುಮ್ನೆ ನಿಂತು ಕಿರುಚುತ್ತಿತ್ತು. ಇದು ರೆಸೊನೆನ್ಸ್. ಒಂದು ವೇಗದಲ್ಲಿ ಸ್ಟೆಪ್ಪಿನ ತಾಳಕ್ಕೆ ರೋಟರ್ ತಾನೇ ತೂಗಾಡಲು ಶುರು ಮಾಡಿ ಹೆಜ್ಜೆ ತಪ್ಪುತ್ತದೆ. 12 ಮಿಲಿಮೀಟರ್ ಎಂಡಿಎಫ್ ಹಲಗೆಯಲ್ಲಿ ನಕ್ಷತ್ರದ ಜಾಲಿ ಕೊರೆದಾಗ ಕಣ್ಣಿಗೇ ಕಂಡಿತು. ಗೆರೆ ಸುತ್ತಿ ಬಂದು ಶುರುವಾದ ಜಾಗಕ್ಕೆ ಸೇರಬೇಕು, ಒಂದು ಮಿಲಿಮೀಟರ್ ಪಕ್ಕಕ್ಕೆ ನಿಂತಿತ್ತು. ಆಚಾರ್ರು ಉಗುರಿನಿಂದ ಆ ಮೆಟ್ಟಿಲು ಸವರಿ ನೋಡಿದರು, ಏನೂ ಹೇಳಲಿಲ್ಲ. ಅವರು ಬೈದದ್ದು ಸದ್ದಿಗೆ. ‘ಏನಪ್ಪಾ ಇದು, ನಿಂತಿದ್ರೂ ಜೀರುಂಡೆ ತರ ಕೂಗುತ್ತಲ್ಲ?’

ಡಿಎಂ542 ಹಾಕಿದ ಮೇಲೆ ಆ ಕೂಗು ನಿಂತಿತು. ಇದರ ಮೂಲ ಲೀಡ್‌ಶೈನ್ ಅನ್ನುವ ಚೀನಾದ ಕಂಪನಿ. ಅದೇ ನಂಬರ್ ಹಾಕಿಕೊಂಡು ಬೇರೆಯವರೂ ಮಾಡುತ್ತಾರೆ, ಕೊಳ್ಳುವಾಗ ನೋಡಿಕೊಳ್ಳಿ. ಒಳಗೆ ಡಿಜಿಟಲ್ ಪ್ರೊಸೆಸರ್ ಕೂತಿದೆ. ಪವರ್ ಕೊಟ್ಟ ಕೂಡಲೇ ಮೋಟರನ್ನು ಅಳೆದು ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಆ ತೂಗಾಟವನ್ನೂ ಅಡಗಿಸುತ್ತದೆ. 3000 ಮಿಲಿಮೀಟರ್‌ನಲ್ಲಿ ಸ್ಪಿಂಡಲ್ (ಕೊರೆಯುವ ತಲೆ) ಎತ್ತಿ ಸುಮಾರು ಹೊತ್ತು ಅತ್ತಿಂದಿತ್ತ ಓಡಿಸಿ ಡಯಲ್ ಗೇಜ್ ಇಟ್ಟೆ. ಮುಳ್ಳು ಅದೇ ಜಾಗಕ್ಕೆ ಬಂತು.

ಇದರ ಪಟ್ಟಿ ಲೆಕ್ಕಕ್ಕೆ ಕೂರುತ್ತದೆ. ಪೀಕ್ 4.20ಕ್ಕೆ ಆರ್‌ಎಂಎಸ್ 3.00, ಪೀಕ್ 3.76ಕ್ಕೆ 2.69. ನಮ್ಮದು 2.8ರ ಮೋಟರ್, ಹಾಗಾಗಿ 3.76ರಲ್ಲಿ ಇಟ್ಟಿದ್ದೇನೆ. ನಾಲ್ಕನೇ ಸ್ವಿಚ್ ಆಫ್ ಇದ್ದರೆ ಮೋಟರ್ ನಿಂತಾಗ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಎಕ್ಸ್, ವೈ ಎರಡಕ್ಕೂ ಆಫ್ ಇರಲಿ, ತಣ್ಣಗಿರುತ್ತವೆ. ಮೇಲೆ ಕೆಳಗೆ ಓಡುವ ಝಡ್‌ಗೆ ಮಾತ್ರ ಆನ್ ಮಾಡಿ. ಬಾಲ್ ಸ್ಕ್ರೂ ಭಾರಕ್ಕೆ ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ, ಸ್ಪಿಂಡಲ್ ಮೆಲ್ಲಗೆ ಕೆಳಗೆ ಜಾರಬಹುದು. ಜಿಆರ್‌ಬಿಎಲ್‌ನಲ್ಲಿ $1=255 ಅಂತ ಕೊಡುವುದನ್ನೂ ಮರೆಯಬೇಡಿ, ಇಲ್ಲವಾದರೆ ಅದೇ ಮೋಟರನ್ನು ಸಡಿಲ ಬಿಡುತ್ತದೆ.

ಮೈಕ್ರೋಸ್ಟೆಪ್ ಜಾಸ್ತಿ ಇಟ್ಟಷ್ಟೂ ನಯ ಅಂತ 32ಕ್ಕೆ ಇಡಬೇಡಿ. 8ರಲ್ಲಿ ಒಂದು ಸುತ್ತಿಗೆ 1600 ಪಲ್ಸ್, ಮಿಲಿಮೀಟರಿಗೆ 320. 3000 ವೇಗಕ್ಕೆ ಸೆಕೆಂಡಿಗೆ 16,000 ಪಲ್ಸ್. ಊನೊ ಮೇಲಿನ ಜಿಆರ್‌ಬಿಎಲ್ 30,000 ಆಸುಪಾಸು ಕೊಡುತ್ತದೆ, ಸಾಕು. 32ಕ್ಕೆ ಇಟ್ಟರೆ 64,000 ಬೇಕು. ಎಲ್ಲಿಂದ ತರುತ್ತೀರಾ?

ಡಿಎಂ542ರಲ್ಲಿ ಕೊರತೆ ಇಲ್ಲವೇ ಅಂದರೆ, ಇದೆ. ಡಿಪ್ ಸ್ವಿಚ್ ತೀರಾ ಚಿಕ್ಕದು, ಪ್ಯಾನಲ್ ಒಳಗೆ ಕೂರಿಸಿದ ಮೇಲೆ ಟಾರ್ಚ್ ಹಿಡಿದು ಇಣುಕಬೇಕು. ಹಸಿರು ಪ್ಲಗ್ ಕಿತ್ತು ಹಾಕಲು ಎಷ್ಟು ಸುಲಭ ಅಂದರೆ, ಪವರ್ ಇರುವಾಗಲೇ ಮೋಟರ್ ಪ್ಲಗ್ ಕೀಳಲು ಕೈ ಹೋಗುತ್ತದೆ. ಕಿತ್ತರೆ ಡ್ರೈವರ್ ಕೈಲಾಸ. ಕೆಂಪು ದೀಪ ಒಮ್ಮೆ ಮಿಟುಕಿದರೆ ಕರೆಂಟ್ ಜಾಸ್ತಿ, ಎರಡು ಸಲ ಮಿಟುಕಿದರೆ ವೋಲ್ಟೇಜ್ ಜಾಸ್ತಿ. ಇದು ನನಗೆ ತುಂಬಾ ಹಿಡಿಸಿತು, ಅಗ್ಗದ ಡಬ್ಬಿ ಬಾಯೇ ಬಿಡುವುದಿಲ್ಲ.

ಕೈಯಾರೆ ಡ್ರೈವರ್ ಕಟ್ಟುವ ಆಸೆ ಇರುವವರಿಗೂ ಒಂದು ಮಾತು. ಎಲ್297, ಎಲ್298 ಅನ್ನುವ ಹಳೇ ಚಿಪ್ ಜೋಡಿ ಇವತ್ತಿಗೂ ಸಿಗುತ್ತದೆ. ಒಂದು ಸಂಜೆ ಕೂತು ಬೆಸುಗೆ ಹಾಕಿದರೆ ಚಾಪರ್ (ಕರೆಂಟ್ ಕತ್ತರಿಸಿ ಕೊಡುವ ಸರ್ಕ್ಯೂಟ್) ಅಂದರೆ ಏನು ಅಂತ ಕೈಗೇ ತಿಳಿಯುತ್ತದೆ. ಎಂಟು ಡಯೋಡ್ ಬೇಕು, ಮಾಮೂಲಿ 4007 ನಡೆಯುವುದಿಲ್ಲ, ಬೇಗ ಆಫ್ ಆಗುವ ಫಾಸ್ಟ್ ರಿಕವರಿಯದೇ ಆಗಬೇಕು. ಆದರೆ ಎಲ್298 2 ಆಂಪ್ಸಿಗೇ ನಾಲ್ಕೈದು ವೋಲ್ಟ್ ನುಂಗಿ ಬಿಸಿ ಮಾಡಿಕೊಳ್ಳಬಲ್ಲದು, ಅರ್ಧ ಸ್ಟೆಪ್ ದಾಟಿ ಹೋಗುವುದೂ ಇಲ್ಲ. ಕಲಿಯಲು ಬಹಳ ಒಳ್ಳೆಯದು. ಆಚಾರ್ರ ಬಾಗಿಲಿಗೆ ಬೇಡ.

ತೆಗೆದ ಟಿಬಿ6600 ಡಬ್ಬಿಗಳನ್ನು ಬಿಸಾಕಿಲ್ಲ. ಒಂದನ್ನು ಅಂಗಡಿಯಲ್ಲಿ ಫ್ಯಾನ್ ಕಾಯಿಲ್ ಸುತ್ತುವ ಯಂತ್ರಕ್ಕೆ ಹಾಕಿದ್ದೇನೆ. ಅಲ್ಲಿ ಚಿಕ್ಕ ನೆಮಾ 17 ಮೋಟರ್, ನಿಧಾನದ ಕೆಲಸ, ಎಣಿಕೆ ತಪ್ಪಬಾರದು ಅಷ್ಟೆ. 1.5 ಆಂಪ್ಸಿಗೆ ಇಟ್ಟು 24 ವೋಲ್ಟ್ ಕೊಟ್ಟರೆ ರೆಕ್ಕೆ ಬೆಚ್ಚಗೂ ಆಗುವುದಿಲ್ಲ. ಇಂಥ ಕೆಲಸ ಇರುವವರು ಧಾರಾಳವಾಗಿ ಅದನ್ನೇ ಕೊಳ್ಳಿ.